ಪೆಟ್ಟು ತಿಂದ ‘ಪಿಂಕರ್ಟನ್’

1996. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್‌ನಲ್ಲಿರುವ ಸೌಂಡ್ ಸಿಟಿ ಸ್ಟುಡಿಯೋ. ನಿರ್ವಾಣಾ ಬ್ಯಾಂಡಿನ ‘ನೆವರ್‌ಮೈಂಡ್’ ಧ್ವನಿಮುದ್ರಣವಾದದ್ದೂ ಇಲ್ಲೇ. ವೀಜರ್ ಬ್ಯಾಂಡಿನ ಪ್ಯಾಟ್ರಿಕ್ ವಿಲ್ಸನ್ ಡ್ರಮ್ ಬಾರಿಸಿದರೆ ನಿಮ್ಮ ಎದೆಗೂಡು ಅದುರುತ್ತದೆ. ರಿವರ್ಸ್ ಕ್ವೋಮೊ, ಬ್ರಯಾನ್ ಬೆಲ್, ಮ್ಯಾಟ್ ಶಾರ್ಪ್ ಮೂವರೂ ಮೈಕುಗಳ ಸುತ್ತ ನಿಂತು ಒಟ್ಟಿಗೇ ಹಾಡುತ್ತಾರೆ. ಒಬ್ಬೊಬ್ಬರ ದನಿಯನ್ನೂ ಬೇರೆಬೇರೆ ಹಿಡಿದು ಆಮೇಲೆ ಜೋಡಿಸುವ ಜಾಣತನ ಇಲ್ಲಿಲ್ಲ. ಒಂದು ಸ್ವರ ಜಾರುತ್ತದೆ, ಗಿಟಾರ್ ಕಿರುಚುತ್ತದೆ. ‘ಇನ್ನೊಮ್ಮೆ ಹಾಡಿ’ ಎನ್ನಲು ಹೊರಗಿನ ಪ್ರೊಡ್ಯೂಸರ್ ಇಲ್ಲ. 1994ರ ಮೊದಲ ಆಲ್ಬಮ್ಮಿಗೆ ರಿಕ್ ಒಕಾಸೆಕ್ ಇದ್ದರು. ಈ ಸಲ ಬ್ಯಾಂಡಿನದೇ ಯಜಮಾನಿಕೆ.

ಕ್ವೋಮೊ ಈಗ ಹಾರ್ವರ್ಡ್ ವಿದ್ಯಾರ್ಥಿ. ಬಿಡುವಿನಲ್ಲಿ ಬಂದು ಹಾಡುತ್ತಾನೆ. ಗಿಡ್ಡವಿದ್ದ ಒಂದು ಕಾಲನ್ನು ಉದ್ದ ಮಾಡಲು ಶಸ್ತ್ರಚಿಕಿತ್ಸೆಯಾಗಿ, ಲೋಹದ ಚೌಕಟ್ಟು ಬಿಗಿದುಕೊಂಡೇ ಕಾಲೇಜಿಗೆ ಸೇರಿದವನು. ನೋವು, ಒಂಟಿತನ, ಹೆಸರು ಬಂದ ಮೇಲೂ ಹೋಗದ ಹಸಿವು, ಎಲ್ಲವೂ ಹಾಡಿಗಿಳಿದಿವೆ. ಜಪಾನಿನ ಅಭಿಮಾನಿಯೊಬ್ಬಳ ಪತ್ರದಿಂದ ಹುಟ್ಟಿದ ‘ಅಕ್ರಾಸ್ ದ ಸೀ’ ಕೇಳುವಾಗ ನೀವು ಕುಳಿತಲ್ಲೇ ಮಿಸುಕಾಡುತ್ತೀರಿ. ಮುಜುಗರವೇ, ನಿಜ. ಆದರೆ ಆ ಮುಜುಗರವನ್ನು ಆತ ಮುಚ್ಚಿಡುವುದಿಲ್ಲ. ಹಾಡಿನ ಜೀವ ಇರುವುದೇ ಅಲ್ಲಿ.

ಸೆಪ್ಟೆಂಬರ್ 24, ಬಿಡುಗಡೆ. ಹೊದಿಕೆಯ ಮೇಲೆ ಜಪಾನಿನ ಚಿತ್ರಕಾರ ಹಿರೋಶಿಗೆಯ ಹಿಮರಾತ್ರಿ. ಹೆಸರು ‘ಪಿಂಕರ್ಟನ್’: ಪುಚ್ಚಿನಿಯ ‘ಮದಾಮಾ ಬಟರ್‌ಫ್ಲೈ’ ಒಪೆರಾದಲ್ಲಿ ಜಪಾನಿ ಹೆಂಡತಿಯನ್ನು ಕೈಬಿಟ್ಟು ಹೋಗುವ ಅಮೆರಿಕದ ನೌಕಾಧಿಕಾರಿ. ಅದೇ ಹೆಸರಿನ ಭದ್ರತಾ ಕಂಪನಿ ಕೋರ್ಟಿಗೆ ಹೋಗಿದೆ! ನ್ಯಾಯಾಧೀಶರು ಒಪ್ಪಲಿಲ್ಲ. ಅಂಗಡಿಗೆ ಬಂದ ಡಿಸ್ಕನ್ನು ನೀವು ಪ್ಲೇಯರಿಗೆ ಹಾಕುತ್ತೀರಿ. ಮೊದಲ ಆಲ್ಬಮ್ಮಿನ ನಗೆಚಾಟಿಕೆ, ನಯವಾದ ಕೋರಸ್ಸುಗಳಿಗಾಗಿ ಕಾದಿದ್ದವರ ಮುಖಕ್ಕೆ ಗದ್ದಲ ರಾಚುತ್ತದೆ. ಸುಮಾರು 35 ನಿಮಿಷದಲ್ಲಿ ಹತ್ತೂ ಹಾಡು ಮುಗಿಯುತ್ತವೆ.

ಬಿಲ್‌ಬೋರ್ಡ್ ಪಟ್ಟಿಯಲ್ಲಿ 19ಕ್ಕೇರಿ ಆಲ್ಬಮ್ ಜಾರುತ್ತದೆ. ವಿಮರ್ಶಕರಲ್ಲಿ ಹಲವರು ಎಳಸು ಎನ್ನುತ್ತಾರೆ. ‘ರೋಲಿಂಗ್ ಸ್ಟೋನ್’ ಓದುಗರು ಅದನ್ನು ವರ್ಷದ ಮೂರನೇ ಅತಿ ಕೆಟ್ಟ ಆಲ್ಬಮ್ ಎಂದು ಆರಿಸುತ್ತಾರೆ. ತನ್ನ ಡೈರಿಯನ್ನೇ ಸಂತೆಯಲ್ಲಿ ಬಿಚ್ಚಿಟ್ಟವನಿಗೆ ಇದಕ್ಕಿಂತ ಅವಮಾನವಿಲ್ಲ. ಕ್ವೋಮೊ ಸ್ವತಃ ಅದನ್ನು ಹೀಗಳೆಯುತ್ತಾನೆ. ಶಾರ್ಪ್ ಬ್ಯಾಂಡ್ ಬಿಡುತ್ತಾನೆ. 2001ರ ಮುಂದಿನ ಆಲ್ಬಮ್ ನೀಟಾಗಿದೆ, ಬಾಚಿದ ತಲೆಯಂತೆ.

ಅಷ್ಟರಲ್ಲಿ ಹದಿಹರೆಯದವರು ‘ಪಿಂಕರ್ಟನ್’ ಅನ್ನು ಕೈಯಿಂದ ಕೈಗೆ ದಾಟಿಸಿಬಿಟ್ಟಿದ್ದಾರೆ. ಭಾವತೀವ್ರ ರಾಕ್ ನುಡಿಸುವ ಎಮೋ ಬ್ಯಾಂಡುಗಳು ಅದನ್ನು ಗುರುವಿನಂತೆ ಕಾಣುತ್ತವೆ. 2010ರಲ್ಲಿ ವೀಜರ್ ಇಡೀ ಆಲ್ಬಮ್ಮನ್ನು ವೇದಿಕೆಯಲ್ಲಿ ನುಡಿಸುವಾಗ ಸಭಿಕರ ನಡುವೆ ನಿಂತಿರಿ: ಒಮ್ಮೆ ನಗೆಪಾಟಲಾಗಿದ್ದ ಸಾಲುಗಳು ಎಲ್ಲರಿಗೂ ಬಾಯಿಪಾಠ. ಮೊದಲ ಆಲ್ಬಮ್ ಹೆಚ್ಚು ಚೆಂದವಿರಬಹುದು. ಆದರೆ ವೀಜರ್‌ನ ಅತ್ಯುತ್ತಮ ಕೃತಿ ‘ಪಿಂಕರ್ಟನ್’. ಅಮೆರಿಕದಲ್ಲಿ ಅದಕ್ಕೆ ಪ್ಲಾಟಿನಂ ಮನ್ನಣೆ ಸಿಕ್ಕಿದ್ದು 2016ರಲ್ಲಿ.