ಗಲಿವರನ ಮೂಗು

ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಯಾತ್ರಾಕಥನದ ನಾಯಕ ಗಲಿವರ್ ಹಡಗಿನ ವೈದ್ಯ. ಕಾಲಿಟ್ಟ ನಾಡಿನಲ್ಲೆಲ್ಲ ಅವನು ಮೊದಲು ಕಲಿಯುವುದು ಅಲ್ಲಿಯ ಭಾಷೆಯನ್ನು. ಮನೆಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ನುಡಿಯಾಡುವ ಗಡಿನಾಡಿನ ಓದುಗನಿಗೆ ಈ ಗುಣದಿಂದಲೇ ಅವನು ಹತ್ತಿರದವನಾಗುತ್ತಾನೆ. ಭಾಷೆ ಬಂದರೆ ಮನುಷ್ಯರು ಅರ್ಥವಾದಂತೆ ಎಂಬ ನಂಬಿಕೆಯನ್ನು ಮಾತ್ರ ಅವನು ಉಳಿಸುವುದಿಲ್ಲ.

ಆರು ಅಂಗುಲವೂ ಇಲ್ಲದ ಲಿಲಿಪುಟ್ಟಿನ ಜನರ ನಡುವೆ ಗಲಿವರ್ ಉದಾರಿ. ಶತ್ರುವಿನ ನೌಕೆಗಳನ್ನು ಸೆಳೆದು ತಂದರೂ ಆ ನಾಡನ್ನು ದಾಸ್ಯಕ್ಕೆ ತಳ್ಳಲು ಒಪ್ಪುವುದಿಲ್ಲ. ದೈತ್ಯರ ಬ್ರಾಬ್ಡಿಂಗ್‌ನ್ಯಾಗಿನಲ್ಲಿ ತಾನೇ ಕುಬ್ಜನಾದಾಗ, ಅರಸನನ್ನು ಮೆಚ್ಚಿಸಲು ಕೋವಿಮದ್ದಿನ ಗುಟ್ಟು ಹೇಳಲು ಮುಂದಾಗುತ್ತಾನೆ. ಅರಸ ಬೆಚ್ಚಿ ನಿರಾಕರಿಸಿದರೆ, ಎಂಥ ಸಂಕುಚಿತ ದೃಷ್ಟಿಯೆಂದು ಮರುಗುತ್ತಾನೆ! ಹಾಗಾದರೆ ಮೊದಲಿನ ಔದಾರ್ಯ ಅವನ ಮನಸ್ಸಿನದೋ, ಎತ್ತರದ್ದೋ?

ತೇಲುವ ದ್ವೀಪದ ಯಾತ್ರೆಯನ್ನು ಇಲ್ಲಿ ಬಿಡಬಹುದು. ಕೊನೆಯದು ವಿವೇಕಿಗಳಾದ ಕುದುರೆಗಳ ನಾಡು. ಮನುಷ್ಯರೂಪದ ಯಾಹೂಗಳೇ ಅಲ್ಲಿ ಪಶುಗಳು. ಅಲ್ಲಿಂದ ಹೊರದೂಡಿಸಿಕೊಂಡವನನ್ನು ಪೋರ್ಚುಗೀಸ್ ಕಪ್ತಾನ ಪೆಡ್ರೊ ದೆ ಮೆಂಡೆಜ್ ಹಡಗಿಗೆ ಹತ್ತಿಸಿಕೊಂಡು, ಬಟ್ಟೆ ಕೊಟ್ಟು, ಲಿಸ್ಬನ್ನಿನ ತನ್ನ ಮನೆಯಲ್ಲೇ ಇರಿಸಿಕೊಳ್ಳುತ್ತಾನೆ. ಕುದುರೆಗಳ ಮೋಹದಲ್ಲಿ ಓದುಗರು ಈ ಕಪ್ತಾನನನ್ನು ಮರೆಯುವುದುಂಟು, ಮರೆಯಬಾರದು. ಗಲಿವರನಿಗೆ ಅವನಲ್ಲಿಯೂ ಕಾಣುವುದು ಯಾಹೂವೇ, ಮೂಗಿಗೆ ತಾಗುವುದು ಅದರ ವಾಸನೆಯೇ. ಊರು ಸೇರಿದಾಗ ಹೆಂಡತಿ ಅಪ್ಪಿಕೊಂಡರೆ ಮೂರ್ಛೆ ಹೋಗುತ್ತಾನೆ. ಎರಡು ಕುದುರೆಗಳನ್ನು ಕೊಂಡು, ದಿನಕ್ಕೆ ನಾಲ್ಕು ಗಂಟೆಯಾದರೂ ಅವುಗಳೊಡನೆ ಮಾತಾಡುತ್ತಾನೆ. ಮನೆಯವರ ನಡುವೆ ಮೂಗಿಗೆ ಹೊಗೆಸೊಪ್ಪು ತುರುಕಿಕೊಂಡಿರುತ್ತಾನೆ. ಹೆಂಡತಿ ಮಕ್ಕಳು ಅವನ ರೊಟ್ಟಿಯನ್ನು ಮುಟ್ಟುವಂತಿಲ್ಲ, ಅವನ ಬಟ್ಟಲಿನಲ್ಲಿ ಕುಡಿಯುವಂತಿಲ್ಲ.