ಮುಂಗಾಲಿನ ಮುಪ್ಪು

ಮನುಷ್ಯನಿಗೆ ಮುಪ್ಪು ಮೊದಲು ಮೊಣಕಾಲಿಗೆ ಬರುತ್ತದೆಂದು ಹಿರಿಯರು ಹೇಳುವುದುಂಟು. ವಾಹನಗಳ ವಿಷಯದಲ್ಲಿಯೂ ಈ ಮಾತು ಹೆಚ್ಚು ಕಡಿಮೆ ನಿಜವೇ. ಎಂಜಿನ್ನು ಗಟ್ಟಿಮುಟ್ಟಾಗಿರುತ್ತದೆ, ಮೈಬಣ್ಣ ಮಾಸಿರುವುದಿಲ್ಲ, ಆದರೂ ಮುಂಗಾಲು ಸೋತು, ಹಳ್ಳ ಬಂದಲ್ಲೆಲ್ಲ ‘ಕಟಕ್’ ಎಂದು ನರಳತೊಡಗುತ್ತದೆ.

ಮೈಸೂರಿನ ಕುವೆಂಪುನಗರದ ಒಂದು ಮನೆಯ ಎಸ್‌ಯುವಿಗೆ ಇಂತಹ ಕಾಲ ಪ್ರಾಪ್ತವಾದುದನ್ನು ಮೊದಲು ಕಂಡುಹಿಡಿದವರು ಆ ಮನೆಯ ಅಜ್ಜಿ. ಎಂಬತ್ತು ದಾಟಿದ ಆ ವೃದ್ಧೆಗೆ ಯಂತ್ರಜ್ಞಾನವಿರಲಿಲ್ಲ, ಬೆನ್ನುನೋವಿತ್ತು. ರಸ್ತೆಯ ಉಬ್ಬು ಸಮೀಪಿಸುತ್ತಲೇ ಅವರು ಮುಂದಿನ ಸೀಟನ್ನು ಎರಡೂ ಕೈಗಳಿಂದ ಹಿಡಿದು, “ಇದು ಮೊದಲು ಪಲ್ಲಕ್ಕಿಯ ಹಾಗಿತ್ತಪ್ಪ. ಈಗ ಎತ್ತಿನ ಗಾಡಿಯೇ ವಾಸಿ” ಎನ್ನುತ್ತಿದ್ದರು.

ಅಜ್ಜಿಯ ರೋಗನಿದಾನ ಸರಿಯಾಗಿಯೇ ಇತ್ತು. 90,000 ಕಿಲೋಮೀಟರು ಓಡಿದ್ದ ಆ ವಾಹನ ಬ್ರೇಕು ಒತ್ತಿದರೆ ಮೂಗು ತಗ್ಗಿಸುತ್ತಿತ್ತು. ಉಬ್ಬು ದಾಟಿದ ಮೇಲೆಯೂ ಎರಡು ಮೂರು ಬಾರಿ ತೂಗಾಡುತ್ತಿತ್ತು. ಮುಂದಿನ ಟೈರುಗಳು ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದವು. ಬಗ್ಗಿ ನೋಡಿದರೆ ಎರಡೂ ಸ್ಟ್ರಟ್ಟುಗಳ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು.

ಸ್ಟ್ರಟ್ಟೆಂಬುದು ಕಾರಿನ ಮುಂಗಾಲು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಜನರ ಕಣ್ಣಿಗೆ ಬಿದ್ದಿತು. ಇದರಲ್ಲಿ ಎರಡು ಭಿನ್ನ ಸ್ವಭಾವಗಳು ಒಂದೇ ಸೂರಿನಡಿ ಸಂಸಾರ ಹೂಡಿವೆ. ಹೊರಗಿನ ಸುರುಳಿ ಸ್ಪ್ರಿಂಗು ಭಾರವನ್ನು ಹೊರುತ್ತದೆ, ಪೆಟ್ಟು ಬಿದ್ದಾಗ ಕುಗ್ಗುತ್ತದೆ. ಆದರೆ ಕುಗ್ಗಿದುದನ್ನು ಮರೆಯದೆ ಮತ್ತೆ ಮತ್ತೆ ಪುಟಿಯುವುದು ಅದರ ಗುಣ. ಒಳಗಿನ ಕೊಳವೆಯಲ್ಲಿ ಎಣ್ಣೆಯೂ ಪಿಸ್ಟನ್ನೂ ಇವೆ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ಪ್ರಯಾಸದಿಂದ ನುಸುಳುವಾಗ, ಸ್ಪ್ರಿಂಗಿನ ಕುಣಿತವೆಲ್ಲ ಶಾಖವಾಗಿ ಮಾರ್ಪಟ್ಟು ಶಾಂತವಾಗುತ್ತದೆ. ಒಬ್ಬರು ಸಿಡುಕಿದರೆ ಇನ್ನೊಬ್ಬರು ಸಮಾಧಾನಪಡಿಸುವ ದಾಂಪತ್ಯವಿದು. ಎಣ್ಣೆ ಸೋರಿಹೋದ ಮೇಲೆ ಸಮಾಧಾನ ಹೇಳುವವರಿಲ್ಲ.

ಮನೆಯ ಮಗ ಎಂಜಿನಿಯರಿಂಗ್ ಓದಿ ಕಂಪ್ಯೂಟರಿನ ಮುಂದೆ ದುಡಿಯುವವನು. ಒಮ್ಮೆಯಾದರೂ ಕೈಗೆ ಗ್ರೀಸು ಮೆತ್ತಿಕೊಳ್ಳಬೇಕೆಂಬ ಹಂಬಲ ಅವನಿಗೆ. ಎರಡು ಹೊಸ ಸ್ಟ್ರಟ್ಟುಗಳನ್ನೂ ಮೇಲಿನ ರಬ್ಬರು ಮೌಂಟುಗಳನ್ನೂ ಬೇರಿಂಗುಗಳನ್ನೂ ತಂದು, ಒಂದು ಭಾನುವಾರ ಕೆಲಸಕ್ಕಿಳಿದ. ಬ್ಯಾಂಕಿನಿಂದ ನಿವೃತ್ತರಾದ ತಂದೆ ಸಹಾಯಕ್ಕೆ ನಿಂತರು.

ಪೂರ್ವಾರ್ಧ ನಿರ್ವಿಘ್ನವಾಗಿ ಸಾಗಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕಿನಿಂದ ಎತ್ತಿ, ಭಾರವನ್ನು ಸ್ಟ್ಯಾಂಡುಗಳ ಮೇಲಿರಿಸಿದರು. ಬ್ರೇಕಿನ ಕೊಳವೆಯನ್ನೂ ತಂತಿಯನ್ನೂ ಸ್ಟ್ರಟ್ಟಿನಿಂದ ಬಿಡಿಸಿದರು. ಚಕ್ರ ಕೂರುವ ಕಬ್ಬಿಣದ ಗಿಣ್ಣು ಜೋತುಬಿದ್ದು ಬ್ರೇಕಿನ ಕೊಳವೆ ಜಗ್ಗದಂತೆ ಅದನ್ನು ಹಗ್ಗದಿಂದ ಕಟ್ಟಿದರು. ಕೆಳಗಿನ ಎರಡು ದಪ್ಪ ಬೋಲ್ಟುಗಳೂ ಮೇಲಿನ ಮೂರು ಸಣ್ಣ ನಟ್ಟುಗಳೂ ಬಿಚ್ಚಿದವು. ಸ್ಟ್ರಟ್ಟು ಸ್ಪ್ರಿಂಗಿನ ಸಮೇತ ಕೈಗೆ ಬಂದಿತು. ಮಗನ ಮುಖದಲ್ಲಿ ದಿಗ್ವಿಜಯದ ಕಳೆ.

ಉಳಿದುದು ನಡುವಿನ ಒಂದೇ ನಟ್ಟು. ನೋಟಕ್ಕೆ ಸಾಧಾರಣವಾದ ಆ ನಟ್ಟೇ ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು. ಸ್ಪ್ರಿಂಗನ್ನು ಬೇರೆ ಸಾಧನದಿಂದ ಅದುಮಿ ಹಿಡಿಯದೆ ಅದನ್ನು ಬಿಚ್ಚಿದರೆ, ಸ್ಪ್ರಿಂಗು ಎದುರಿಗಿರುವವರ ಮುಖ ನೋಡಿ ದಾಕ್ಷಿಣ್ಯ ಮಾಡುವುದಿಲ್ಲ. ಮಗನಿಗೆ ಇದು ತಿಳಿದಿತ್ತು. ಸ್ನೇಹಿತನಿಂದ ಎರವಲಾಗಿ ಎರಡು ಕೊಂಡಿಗಳ ಸಾಧನವೊಂದನ್ನು ತಂದಿದ್ದ. ಅದನ್ನು ಬಿಗಿಮಾಡುತ್ತ ಬರುತ್ತಿದ್ದಂತೆ ಸ್ಪ್ರಿಂಗು ಒಂದು ಕಡೆಗೆ ಬಾಗಿತು. ‘ಟಣ್’ ಎಂಬ ಸದ್ದು. ಒಂದು ಕೊಂಡಿ ಅಂಗುಲದಷ್ಟು ಜಾರಿ ನಿಂತಿತು. ಮಗನ ಬೆರಳು ಅಲ್ಲಿಂದ ಗೇಣಿನಷ್ಟು ದೂರವೂ ಇರಲಿಲ್ಲ.

“ಸಾಕು, ಬಿಡು” ಎಂದರು ತಂದೆ.

“ಇನ್ನೊಂದು ಸಲ ಸರಿಯಾಗಿ ಕೂರಿಸುತ್ತೇನಪ್ಪ.”

“ಬೇಡ.”

“ನಿಮಗೆ ನನ್ನ ಮೇಲೆ ನಂಬಿಕೆಯೇ ಇಲ್ಲ.”

ತಂದೆ ಸಾಧನವನ್ನು ಬೆಳಕಿಗೆ ಹಿಡಿದು ತೋರಿಸಿದರು. “ನಿನ್ನ ಮೇಲೆ ಇದೆ ಕಣೋ. ಸವೆದ ಈ ಥ್ರೆಡ್ಡಿನ ಮೇಲೆ ಇಲ್ಲ.”

ಮಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ ಎರಡೂ ಕೊಂಡಿಗಳನ್ನು ಮೆಲ್ಲನೆ ಸಡಿಲಿಸಿ ತೆಗೆದ. ಇನ್ನೊಂದು ಬದಿಯ ಸ್ಟ್ರಟ್ಟನ್ನೂ ಅದೇ ಕ್ರಮದಲ್ಲಿ ಕಳಚಿದ. ಮರುದಿನ ಎರಡನ್ನೂ ಆಟೋದಲ್ಲಿಟ್ಟುಕೊಂಡು ತಂದೆ ಮಕ್ಕಳು ಹಳೆಯ ಗ್ಯಾರೇಜೊಂದಕ್ಕೆ ಹೋದರು. ಅಲ್ಲಿ ಗೋಡೆಗೆ ಬಿಗಿದಿದ್ದ ಯಂತ್ರದಲ್ಲಿ ಮೇಸ್ತ್ರಿ ಸ್ಪ್ರಿಂಗನ್ನು ನೇರವಾಗಿ ಅದುಮಿದ. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದ ಅವನು ಒಮ್ಮೆಯೂ ಸ್ಪ್ರಿಂಗಿನ ತುದಿಗೆದುರಾಗಿ ನಿಲ್ಲಲಿಲ್ಲ. ಸದಾ ಪಕ್ಕದಲ್ಲಿಯೇ ನಿಂತ. ಮಗ ಅದನ್ನು ಗಮನಿಸಿದ. “ನಡುವಿನ ನಟ್ಟು ಮುಟ್ಟದೆ ತಂದಿರಲ್ಲ, ಬುದ್ಧಿವಂತರು” ಎಂದ ಮೇಸ್ತ್ರಿ. ತಂದೆ ಆ ಪ್ರಶಂಸೆಯನ್ನು ಪೂರ್ತಿಯಾಗಿ ಮಗನಿಗೇ ಬಿಟ್ಟುಕೊಟ್ಟರು.

ಮರಳಿ ಜೋಡಿಸಿದವನು ಮಗನೇ. ಪ್ರತಿಯೊಂದು ಬೋಲ್ಟನ್ನೂ ಕೈಪಿಡಿಯಲ್ಲಿದ್ದ ಅಳತೆಗೆ ಸರಿಯಾಗಿ ಬಿಗಿದ. ಸ್ಟ್ರಟ್ಟು ಕಳಚಿದಾಗ ಚಕ್ರಗಳ ನೇರ ತಪ್ಪುವುದು ಸಹಜವಾದ್ದರಿಂದ, ಅಲೈನ್‌ಮೆಂಟನ್ನೂ ಮಾಡಿಸಿ ಬಂದ. ಸ್ವಂತ ಕೈಯಿಂದ ಮಾಡಿದ ಕೆಲಸಕ್ಕೆ ಒಂದು ಸುಖವಿದೆ. ಯಾವ ಹಂತದಲ್ಲಿ ಕೈ ಹಿಂದಕ್ಕೆ ತೆಗೆಯಬೇಕೆಂದು ಅರಿತವನಿಗೆ ಮಾತ್ರ ಆ ಸುಖ ಹತ್ತು ಬೆರಳುಗಳ ಸಮೇತ ದಕ್ಕುತ್ತದೆ.

ಆ ಸಂಜೆ ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದೊಯ್ದರು. ಬೀದಿಯ ಕೊನೆಯ ಉಬ್ಬು ಬಂದಿತು. ಅಜ್ಜಿ ಅಭ್ಯಾಸಬಲದಿಂದ ಸೀಟನ್ನು ಭದ್ರವಾಗಿ ಹಿಡಿದರು. ಕಾರು ಒಮ್ಮೆ ಏರಿ, ಒಮ್ಮೆ ಇಳಿದು, ಮುಂದೆ ಸಾಗಿತು.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಕೈ ಸಡಿಲಿಸಿ ಕೇಳಿದರು: “ಏನೋ ಮಗು, ಆ ಉಬ್ಬನ್ನು ತೆಗೆದುಬಿಟ್ಟರೇನು?”

ಮೊಮ್ಮಗ ಕನ್ನಡಿಯಲ್ಲಿ ತಂದೆಯ ಮುಖ ನೋಡಿ, “ಹೌದಜ್ಜಿ, ನಿನ್ನೆ ತೆಗೆದರು” ಎಂದ.