ಕಟ್ಟಿದ ಜಾಳಿಗೆ

ಮನುಷ್ಯನಿಗೆ ವೇಗದ ಹುಚ್ಚು ಹೊಸದೇನೂ ಅಲ್ಲ. ಎತ್ತಿನ ಬಂಡಿಯಲ್ಲಿ ಕುಳಿತವನು ಕುದುರೆಯನ್ನು ಬಯಸಿದ; ಕುದುರೆಯನ್ನೇರಿದವನು ಮೋಟಾರನ್ನು ಬಯಸಿದ. ಮನೆಯ ಮೂಲೆಯಲ್ಲಿ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ಲೋಕಸಂಚಾರ ಮಾಡುವ ಇಂದಿನ ತರುಣನಿಗೂ ಅದೇ ಬಯಕೆ. ಅವನ ವೇಗದ ಅಳತೆ ಮಾತ್ರ ಬೇರೆ. ಸೆಕೆಂಡಿಗೆ 60 ಚಿತ್ರಗಳು ಪರದೆಯ ಮೇಲೆ ಮೂಡಿದರೆ ಆಟ ನೀರು ಹರಿದಂತೆ ಸಾಗುತ್ತದೆ. 20ಕ್ಕೆ ಇಳಿಯಿತೆಂದರೆ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ.

ಮುಧೋಳ ತಾಲೂಕಿನ ತಿಮ್ಮಾಪುರದ ರೈತನೊಬ್ಬನ ಮನೆಯಲ್ಲಿ ಈ ಮುಗ್ಗರಿಕೆ ಇಡೀ ಸಂಸಾರದ ಚಿಂತೆಯಾಯಿತು. ಹಿರಿಯ ಮಗ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋಗುವಾಗ ತನ್ನ ಕಂಪ್ಯೂಟರನ್ನು ತಮ್ಮನಿಗೆ ಬಿಟ್ಟುಹೋಗಿದ್ದ. ಪ್ರತಿ ಭಾನುವಾರ ರಾತ್ರಿ ಅಣ್ಣ ಅಲ್ಲಿ, ತಮ್ಮ ಇಲ್ಲಿ, ಒಂದೇ ಆಟದಲ್ಲಿ ಜೊತೆಗೂಡುತ್ತಿದ್ದರು. ಆಡುತ್ತಲೇ ಊರ ಸುದ್ದಿ, ಮನೆಯ ಸುದ್ದಿ ಮಾತಾಡುತ್ತಿದ್ದರು. ಅವರ ಒಡನಾಟಕ್ಕೆ ಉಳಿದಿದ್ದುದು ಆ ಒಂದು ಹೊತ್ತು. ಯಂತ್ರ ಕುಂಟತೊಡಗಿದ ಮೇಲೆ ತಮ್ಮ ಹಿಂದೆ ಬೀಳುತ್ತಿದ್ದ. ಅಣ್ಣ ಕಾದು ಬೇಸತ್ತು ಬೇಗನೆ ಮಲಗುತ್ತಿದ್ದ.

ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ ಗತಿಯಿಲ್ಲವೆಂದು ಹುಡುಗ ತೀರ್ಮಾನಿಸಿದ. ಬೆಲೆ ಕೇಳಿ ತಾಯಿ ಸುಮ್ಮನಾದಳು. ಕಬ್ಬಿನ ಬಿಲ್ಲು ಆಗತಾನೆ ಬ್ಯಾಂಕಿಗೆ ಬಂದಿತ್ತು. ಅದು ಮಗಳ ಕಾಲೇಜಿನ ಫೀಸಿಗೆಂದು ತೆಗೆದಿರಿಸಿದ ಹಣ. ಮಗಳು ಬಾಯಿಬಿಟ್ಟು ಏನೂ ಅನ್ನಲಿಲ್ಲ. ತಂದೆ ಮಾತ್ರ ಒಂದು ಪ್ರಶ್ನೆ ಕೇಳಿದ:

“ಸುರೂಕ ಹೆಂಗ ಓಡತೈತಿ ಅದು?”

“ಸುರೂಕ ಚಲೋ ಓಡತೈತಪಾ. ಕಾಲ್ ತಾಸಾದ ಮ್ಯಾಲೆ ಕುಂಟಾಕ ಹತ್ತತೈತಿ.”

“ಹಂಗಾದ್ರ ಮೋಟಾರಿಗೆ ಯಾಕ ಬೈತಿ, ತಮ್ಮಾ? ಬಾವ್ಯಾಗಿನ ಜಾಳಿಗಿ ಕಟ್ಟಿದಾಗ ದೊಡ್ಡ ಮೋಟಾರು ತಂದು ಕುಂಡ್ರಿಸಿದ್ರ ನೀರು ಬರತೈತೇನು?”

ಕಂಪ್ಯೂಟರನ್ನು ಅರಿಯದವನ ಮಾತಾದರೂ ಯಂತ್ರಗಳನ್ನು ಅರಿತವನ ಮಾತು ಅದು. ಆಟವೊಂದು ಓಡಬೇಕಾದರೆ ಪ್ರೊಸೆಸರ್ ಲೆಕ್ಕ ಹಾಕಬೇಕು, ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯಬೇಕು, ರ‍್ಯಾಮ್ ಇಬ್ಬರಿಗೂ ಬೇಕಾದುದನ್ನು ಒದಗಿಸಬೇಕು. ಇವರಲ್ಲಿ ಯಾರು ಹಿಂದುಳಿದರೋ ಅವರ ನಡಿಗೆಯೇ ಎಲ್ಲರ ನಡಿಗೆ. ಹಾಗಿರುವಾಗ ಹಿಂದುಳಿದವರಾರೆಂದು ನೋಡದೆ ಹಣ ಸುರಿದರೆ ಫಲವೇನು? ಇದು ರನ್ನ ಹುಟ್ಟಿದ ನೆಲ. ಅವನ ‘ಗದಾಯುದ್ಧ’ದಲ್ಲಿ ಭೀಮನ ಗದೆಗೆ ಬಲ ಸಾಲದೆ ಕಾಳಗ ತಡವಾದುದಲ್ಲ, ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತಿದ್ದ. ವೈರಿಯ ಅಡಗುದಾಣ ಮೊದಲು ತಿಳಿಯಬೇಕು. ಗದೆ ಆಮೇಲಿನ ಮಾತು.

ಹುಡುಗ ಶಾಖವನ್ನಳೆಯುವ ತಂತ್ರಾಂಶವೊಂದನ್ನು ಹಾಕಿಕೊಂಡು ಆಡಿ ನೋಡಿದ. ಪ್ರೊಸೆಸರಿನ ಶಾಖ ಏರೇರುತ್ತ 100 ಡಿಗ್ರಿಯ ಸಮೀಪಕ್ಕೆ ಬಂದಿತು. ಅಲ್ಲಿಂದ ಮುಂದೆ ಆಟ ಕುಂಟಿತು. ತನ್ನ ಮೈ ಸುಟ್ಟುಕೊಳ್ಳದಂತೆ ಪ್ರೊಸೆಸರ್ ತಾನೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು. ಯಂತ್ರದ್ದು ಸೋಮಾರಿತನವಲ್ಲ, ಆತ್ಮರಕ್ಷಣೆ.

ವಿದ್ಯುತ್ತಿನ ಸಂಪರ್ಕ ತೆಗೆದು ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದಾಗ ಅಡಗಿದ್ದ ವೈರಿ ಕಾಣಿಸಿದ. ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಟ್ಟಾಗ ಹಾರಿ ಬಂದ ಬೂದಿ, ಓಣಿಯ ಧೂಳು, ಎರಡೂ ಕೂಡಿ ಫ್ಯಾನಿನ ಹಿಂದೆ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಸಾಲದ್ದಕ್ಕೆ, ಧೂಳು ಬೀಳದಿರಲೆಂದು ತಾಯಿ ಅಕ್ಕರೆಯಿಂದ ಹೊದಿಸಿದ್ದ ಹಳೆಯ ಸೀರೆಯ ತುಂಡು ಗಾಳಿಯ ದಾರಿಯನ್ನೇ ಮುಚ್ಚಿತ್ತು! ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದದ್ದಾಯಿತು. ಪ್ರೊಸೆಸರಿಗೂ ಅದರ ಶಾಖ ಹೀರುವ ಲೋಹಕ್ಕೂ ನಡುವೆ ಒಣಗಿಹೋಗಿದ್ದ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದ್ದಾಯಿತು. ಗೋಡೆಗೆ ಒತ್ತಿಕೊಂಡಿದ್ದ ಪೆಟ್ಟಿಗೆ ಗಾಳಿಯಾಡುವ ಕಡೆಗೆ ಸರಿಯಿತು. ಸೀರೆಯ ತುಂಡು ಯಂತ್ರ ನಿಂತಾಗ ಮಾತ್ರ ಹೊದಿಕೆಯಾಯಿತು.

ಉಳಿದ ಉಪಚಾರಗಳೂ ದುಬಾರಿಯವಲ್ಲ. ಕಂಪ್ಯೂಟರ್ ಎದ್ದೊಡನೆ ಕರೆಯದೆ ಬಂದು ಕೂಡುತ್ತಿದ್ದ ಹತ್ತಾರು ತಂತ್ರಾಂಶಗಳಿಗೆ ಬಾಗಿಲು ಮುಚ್ಚಿದ. ಒಂಟಿಯಾಗಿದ್ದ 8 ಜಿ.ಬಿ. ರ‍್ಯಾಮಿಗೆ ಅಂಥದೇ ಇನ್ನೊಂದನ್ನು ಜೊತೆಮಾಡಿದ. ಒಂದು ಕಾಲುವೆಯಲ್ಲಿ ಹರಿಯುತ್ತಿದ್ದುದು ಎರಡರಲ್ಲಿ ಹರಿಯತೊಡಗಿತು. ಆಟದೊಳಗಿನ ನೆರಳುಗಳ ಸೊಗಸನ್ನು ತಗ್ಗಿಸಿದ. ಭಾರವಾದ ಆಟಗಳಿಗೆ ಪರದೆಯ ಚಿತ್ರವನ್ನು 1920×1080ರಿಂದ 1280×720ಕ್ಕೆ ಇಳಿಸಿದ. ಯಂತ್ರ ಬರೆಯಬೇಕಾದ ಚುಕ್ಕೆಗಳು 20,73,600ರಿಂದ 9,21,600ಕ್ಕೆ, ಅಂದರೆ ಅರ್ಧಕ್ಕಿಂತಲೂ ಕಡಿಮೆಗೆ ಇಳಿದವು. ಚಿತ್ರದ ಅಂದ ತುಸು ಕುಂದಿತು, ಓಟ ಹೆಚ್ಚಿತು.

ಹೊಸ ಹೊಸ ಆಟಗಳೆಲ್ಲವೂ ಆ ಹಳೆಯ ಯಂತ್ರದಲ್ಲಿ ಓಡುತ್ತವೆಂದಲ್ಲ. ಜಾಳಿಗೆ ತೊಳೆದ ಮಾತ್ರಕ್ಕೆ ಬಾವಿಯ ಸೆಲೆ ಹೆಚ್ಚುವುದಿಲ್ಲ. ಆದರೆ ಇದ್ದ ನೀರು ತಡೆಯಿಲ್ಲದೆ ಮೇಲೆ ಬರುತ್ತದೆ. ಎಷ್ಟೋ ವೇಳೆ ಮನುಷ್ಯನಿಗೆ ಬೇಕಾದುದು ಅಷ್ಟೇ.

ಮಗಳ ಫೀಸು ಕಾಲೇಜನ್ನು ಸೇರಿತು. ಆ ಭಾನುವಾರ ರಾತ್ರಿ ಆಟ ಒಂದು ತಾಸು ದಾಟಿದರೂ ಮುಗ್ಗರಿಸಲಿಲ್ಲ. ನಡುವೆ ಬೆಂಗಳೂರಿನಿಂದ ದನಿಯೊಂದು ಕೇಳಿಬಂದಿತು:

“ಅಪ್ಪ ಉಂಡಾನೇನೋ?”

ಕಟ್ಟೆಯ ಮೇಲೆ ಕುಳಿತಿದ್ದ ತಂದೆ ಒಳಗೆ ಬಂದು, ತಿಳಿಯದ ಆ ಆಟವನ್ನು ನೋಡುತ್ತ ಕಿರಿಯ ಮಗನ ಪಕ್ಕದಲ್ಲಿ ಕುಳಿತ.

“ಉಂಡಾನಂತ ಹೇಳು,” ಎಂದ. “ಇನ್ನಷ್ಟು ಹೊತ್ತು ಆಡ್ರಿ.”